ಗಿರಿವಂದನೆಯೋ, ಗಿರಿವಿನೋದವೋ?

ಗಿರಿಶಿಖರಗಳಿಗೂ ಜಿನಧರ್ಮಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಆದಿತೀರ್ಥಂಕರರಾದ ವೃಷಭನಾಥರು ಕೈಲಾಸಗಿರಿಯಿಂದ, ನೇಮಿನಾಥರು ಊರ್ಜಯಂತಗಿರಿಯಿಂದ, ಇಪ್ಪತ್ತು ಮಂದಿ ತೀರ್ಥಂಕರರು ಸಮ್ಮೇದಗಿರಿಯಿಂದ ನಿರ್ವಾಣ ಹೊಂದಿದರೆಂಬುದು ಆಬಾಲವೃದ್ಧರಿಗೂ ತಿಳಿದ ವಿಷಯ. ಕನ್ನಡ ನಾಡಿನಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟ, ದೊಡ್ಡಬೆಟ್ಟಗಳಿವೆ, ಮಲೆನಾಡಿನಲ್ಲಿ ಕುಂದಾದ್ರಿಯಿದೆ, ಗಡಿಯಾಚೆ ಮರಾಠವಾಡದಲ್ಲಿ ಕುಂಥಲಗಿರಿಯಿದೆ. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಶ್ರಾವಕ ಕುಟುಂಬಗಳು ಬಾಳುವುದು ಬಯಲಿನಲ್ಲಿ. ತೊಗರಿ, ಕಬ್ಬು, ಜೋಳದ ಹೊಲಗಳ ನಡುವೆ ಬೆಳೆದ ಈ ಜನರಿಗೆ ದಟ್ಟ ಅರಣ್ಯವೂ ಕಡಿದಾದ ಶಿಖರವೂ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ತೀರ್ಥಯಾತ್ರೆಯ ಕಾಲದಲ್ಲಿಯೇ. ಆದುದರಿಂದ ಆ ನಾಲ್ಕಾರು ದಿನಗಳಲ್ಲಿ ಅವರು ಬೆಟ್ಟದ ಮೇಲೆ ಹೇಗೆ ಹೆಜ್ಜೆಯಿಡುತ್ತಾರೆ ಎಂಬುದರಲ್ಲಿಯೇ ಕಾಡಿನ ಜೀವರಾಶಿಯೊಡನೆ ಅವರ ಸಂಬಂಧವೆಲ್ಲ ಅಡಗಿದೆ. ಶಿಖರವನ್ನು ಏರಿದವರೆಲ್ಲರೂ ವಂದನೆ ಮಾಡಿದವರಾಗುತ್ತಾರೆಯೇ? ಸಮಾಜವು ಈ ಪ್ರಶ್ನೆಯನ್ನು ಇನ್ನು ಮುಂದೂಡಲಾಗದು.

ಪ್ರಶ್ನೆ ಏಳಲು ಕಾರಣವಿದೆ. 2019ರ ಆಗಸ್ಟ್ 2ರಂದು ಕೇಂದ್ರ ಪರಿಸರ ಸಚಿವಾಲಯವು ಝಾರ್ಖಂಡದ ಗಿರಿಡೀಹ್ ಜಿಲ್ಲೆಯಲ್ಲಿರುವ ಪಾರಸನಾಥ ವನ್ಯಜೀವಿಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಘೋಷಿಸಿತು. ಪಾರಸನಾಥವೆಂದರೆ ಬೇರೇನೂ ಅಲ್ಲ, ಅದೇ ಸಮ್ಮೇದ ಶಿಖರ. ಸುಮಾರು 1,365 ಮೀಟರ್ ಎತ್ತರದ ಆ ಪರ್ವತ ಆ ರಾಜ್ಯದಲ್ಲಿಯೇ ಅತ್ಯುನ್ನತವಾದುದು. ಅಧಿಸೂಚನೆಯಲ್ಲಿ ಪರಿಸರ ಪ್ರವಾಸೋದ್ಯಮಕ್ಕೆ ಎಡೆಯಿದ್ದುದು ತಿಳಿದು, 2022ರ ಡಿಸೆಂಬರಿನಲ್ಲಿ ದೇಶದ ಉದ್ದಗಲಕ್ಕೂ ಜೈನರು ಬೀದಿಗಿಳಿದರು. ಜಯಪುರದಲ್ಲಿ ಉಪವಾಸ ಕೈಗೊಂಡಿದ್ದ ಮುನಿ ಸುಜ್ಞೇಯಸಾಗರರು 2023ರ ಜನವರಿ 3ರಂದು ದೇಹತ್ಯಾಗ ಮಾಡಿದರು. ಎರಡು ದಿನಗಳ ಬಳಿಕ, ಜನವರಿ 5ರಂದು, ಕೇಂದ್ರ ಸರ್ಕಾರವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳೆಲ್ಲಕ್ಕೂ ತಡೆಯೊಡ್ಡಿ ಆದೇಶಿಸಿತು. ಆ ಆದೇಶವನ್ನು ಕಟ್ಟುನಿಟ್ಟಾಗಿ ಜಾರಿಗೆ ತರಬೇಕೆಂದು 2025ರಲ್ಲಿ ಝಾರ್ಖಂಡ ಹೈಕೋರ್ಟು ರಾಜ್ಯ ಸರ್ಕಾರಕ್ಕೆ ಸೂಚಿಸಿತು.

ಸಮಾಜವು ಇದನ್ನು ವಿಜಯವೆಂದು ಎಣಿಸಿತು. ಎಣಿಸಲಿ, ತಪ್ಪಲ್ಲ. ಆದರೆ ಆ ಆದೇಶ ಎತ್ತಿ ಹೇಳಿದ ನಿಷೇಧಗಳ ಪಟ್ಟಿಯನ್ನು ಎಷ್ಟು ಮಂದಿ ಪೂರ್ತಿಯಾಗಿ ಓದಿದರು? ಮದ್ಯ, ಮಾಂಸ, ಮಾದಕ ದ್ರವ್ಯಗಳು ಕೂಡವು ಎಂಬಷ್ಟನ್ನು ಎಲ್ಲರೂ ಓದಿದರು. ಅದೇ ಪಟ್ಟಿಯಲ್ಲಿ ಧ್ವನಿವರ್ಧಕವೂ ಗಟ್ಟಿಯಾದ ಸಂಗೀತವೂ ಕೂಡದು ಎಂದಿದೆ. ಗಿಡಮರಗಳಿಗೆ, ಪ್ರಾಣಿಗಳಿಗೆ ಹಾನಿ ಮಾಡಕೂಡದು ಎಂದಿದೆ. ಪರಿಸರವನ್ನು ಮಲಿನಗೊಳಿಸಕೂಡದು, ಸ್ಥಳದ ಸಹಜ ಪ್ರಶಾಂತಿಯನ್ನು ಕೆಡಿಸಕೂಡದು ಎಂದಿದೆ. ಅನುಮತಿಯಿಲ್ಲದ ಬಿಡಾರವೂ ಚಾರಣವೂ ಕೂಡದು ಎಂದಿದೆ. ಮೊದಲನೆಯ ನಿಷೇಧವನ್ನು ಶ್ರಾವಕರು ಸಹಜವಾಗಿಯೇ ಪಾಲಿಸುತ್ತಾರೆ. ಉಳಿದವು? ಅವು ಪ್ರವಾಸಿಗನಿಗೆ ಎಷ್ಟು ಅನ್ವಯಿಸುತ್ತವೆಯೋ ಯಾತ್ರಿಕನಿಗೂ ಅಷ್ಟೇ ಅನ್ವಯಿಸುತ್ತವೆ. ಘೋಷಣೆ ಕೂಗುತ್ತ ಸಾಗುವ ಸಂಘ, ಮೊಬೈಲಿನಲ್ಲಿ ಭಕ್ತಿಗೀತೆ ಹಾಕಿಕೊಂಡು ಏರುವ ಯುವಕ, ಖಾಲಿಯಾದ ನೀರಿನ ಬಾಟಲಿಯನ್ನು ದಾರಿಯ ಪಕ್ಕದ ಪೊದೆಗೆ ಎಸೆಯುವ ಗೃಹಸ್ಥ, ಇವರು ಯಾರ ಬೆಟ್ಟವನ್ನು ಯಾರಿಂದ ರಕ್ಷಿಸಲು ಬೀದಿಗಿಳಿದಿದ್ದರು?

ಯಾತ್ರಿಕನನ್ನೂ ವಿನೋದವಿಹಾರಿಯನ್ನೂ ಬೇರ್ಪಡಿಸುವ ಗೆರೆ ಜಾತಿಯಲ್ಲಿಲ್ಲ, ಹಣೆಯ ತಿಲಕದಲ್ಲಿಲ್ಲ, ಕಾಣಿಕೆಯ ರಸೀತಿಯಲ್ಲಿಯೂ ಇಲ್ಲ. ಅದು ಇರುವುದು ಪಾದದಲ್ಲಿ. ಶಾಸ್ತ್ರಕಾರರು ಇದನ್ನು ಬಹು ಹಿಂದೆಯೇ ನಿರ್ಣಯಿಸಿದ್ದಾರೆ. ಮುನಿಗಳ ಪಂಚ ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ: ಹಗಲಿನ ಬೆಳಕಿನಲ್ಲಿ, ಜನ ನಡೆದು ಸವೆದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಬಾಧೆಯಾಗದಂತೆ ನಡೆಯುವುದು. ಗೃಹಸ್ಥನಿಗೆ ಈ ಸಮಿತಿ ಮಹಾವ್ರತದ ರೂಪದಲ್ಲಿ ವಿಧಿತವಲ್ಲದಿರಬಹುದು. ಆದರೆ ಗೃಹಸ್ಥನಿಗೂ ದಿಗ್ವ್ರತವಿದೆ, ಅನರ್ಥದಂಡವಿರತಿಯಿದೆ. ದಿಗ್ವ್ರತದ ಅತಿಚಾರಗಳಲ್ಲಿ ಮೊದಲನೆಯದು ಮೇಲಣ ದಿಕ್ಕಿನ ಮಿತಿಯನ್ನು ಮೀರುವುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಡುವ ಉದಾಹರಣೆಯೇ ಪರ್ವತಾರೋಹಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ನೆಲ ಕೆದಕುವುದು, ಗಿಡ ಕಡಿಯುವುದು ಇವುಗಳ ಜೊತೆಗೆ ನಿಷ್ಪ್ರಯೋಜನವಾಗಿ ಅಲೆಯುವುದನ್ನೂ, ಇತರರನ್ನು ಅಲೆಯಿಸುವುದನ್ನೂ ಸೇರಿಸಿದ್ದಾರೆ. ಬೆಟ್ಟ ಹತ್ತುವುದೇ ಪಾಪವೆಂದು ಇದರ ಅರ್ಥವಲ್ಲ. ಏರುವವನಿಗೆ ಮಿತಿಯೂ ಪ್ರಯೋಜನವೂ ಇರಬೇಕೆಂದು ಅರ್ಥ. ಯಾತ್ರಾಸಂಘಗಳನ್ನು ಹೊರಡಿಸುವ ಟ್ರಸ್ಟುಗಳು ‘ಅಲೆಯಿಸುವುದು’ ಎಂಬ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಂತು ಯೋಚಿಸುವುದು ಒಳಿತು.

ಈ ಮಾತು ಗ್ರಂಥದಲ್ಲಿಯೇ ಉಳಿದದ್ದಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದವರು ದೂರ ಹೋಗಬೇಕಿಲ್ಲ. ಹುಮನಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪಶ್ಚಿಮಕ್ಕೆ ಹೊರಟು, ಬಸವಕಲ್ಯಾಣದ ತಿರುವನ್ನು ದಾಟಿದರೆ ಉಮರ್ಗಾ ಬರುತ್ತದೆ. ಅದು ಹಿಂದೆ ಉಸ್ಮಾನಾಬಾದ್ ಎನಿಸಿಕೊಂಡಿದ್ದ ಧಾರಾಶಿವ ಜಿಲ್ಲೆ. ಅದೇ ಜಿಲ್ಲೆಯ ಭೂಮ್ ತಾಲ್ಲೂಕಿನಲ್ಲಿದೆ ಕುಲಭೂಷಣ, ದೇಶಭೂಷಣ ಮುನಿಗಳ ನಿರ್ವಾಣಭೂಮಿಯಾದ ಕುಂಥಲಗಿರಿ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಜನಿಸಿ, ದಿಗಂಬರ ಮುನಿಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು 1955ರಲ್ಲಿ ಈ ಗಿರಿಯ ಮೇಲೆಯೇ ಸಲ್ಲೇಖನವನ್ನು ಕೈಗೊಂಡರು. 36ನೆಯ ದಿನ, ಸೆಪ್ಟೆಂಬರ್ 18ರಂದು, ಸಮಾಧಿಮರಣ ಹೊಂದಿದರು. ಅವರು ಆಹಾರವನ್ನು ತ್ಯಜಿಸಿದ್ದಕ್ಕೆ ಕಾರಣವೇನು? ಕಣ್ಣಿನ ದೃಷ್ಟಿ ಕುಂದುತ್ತಿತ್ತು. ಹೆಜ್ಜೆಯ ಕೆಳಗಿನ ಸಣ್ಣ ಜೀವ ಕಾಣದು, ಅಂಗೈಯ ತುತ್ತಿನೊಳಗಿನ ಜೀವ ಕಾಣದು. ಕಾಣದ ಮೇಲೆ ಸಂಯಮವನ್ನು ಪಾಲಿಸುವುದೆಂತು? ನೆಲ ಕಾಣದೆ ನಡೆಯುವುದಕ್ಕಿಂತ ದೇಹವನ್ನು ಬಿಡುವುದೇ ಲೇಸೆಂದು ಆ ಮಹಾತ್ಮರು ಬಗೆದರು.

ಈಗ ಈ ಆದರ್ಶದ ಪಕ್ಕದಲ್ಲಿ ಇಂದಿನ ಗಿರಿಯಾತ್ರೆಯ ರೂಢಿಯನ್ನು ಇಟ್ಟು ನೋಡಬೇಕು. ಶಿಖರಜಿಯಲ್ಲಿ ತಪ್ಪಲಿನ ಮಧುಬನದಿಂದ ಏರಲು ಸುಮಾರು 9 ಕಿಲೋಮೀಟರು, ಮೇಲೆ ಟೋಂಕುಗಳ ವಂದನೆಗೆ 9, ಇಳಿಯಲು 9, ಒಟ್ಟು 27 ಕಿಲೋಮೀಟರು. ಒಂದೇ ದಿನದಲ್ಲಿ ಇದನ್ನು ಮುಗಿಸಬೇಕೆಂಬ ಹಟದಿಂದ ಯಾತ್ರಿಕರು ನಡುರಾತ್ರಿ ಕಳೆದು ಎರಡು ಮೂರು ಗಂಟೆಗೆಲ್ಲ ಹೊರಡುತ್ತಾರೆ. ಅದು ಸಾಲ ಮರಗಳ ಕಾಡು, ವನ್ಯಜೀವಿಧಾಮ. ರಾತ್ರಿಯೆಂಬುದು ಅಲ್ಲಿನ ಪ್ರಾಣಿಗಳು ಮೇಯುವ, ನೀರಿಗೆ ಬರುವ ಹೊತ್ತು. ಹಗಲಲ್ಲಿ ಮನುಷ್ಯನಿಗೆ ದಾರಿ ಬಿಟ್ಟುಕೊಟ್ಟ ಜೀವಿಗಳಿಗೆ ಉಳಿದಿರುವುದು ಇರುಳೊಂದೇ. ಆ ಇರುಳಿನಲ್ಲಿ ಸಾಲುಸಾಲಾಗಿ ಟಾರ್ಚುಗಳು, ಊರುಗೋಲಿನ ಸದ್ದು, ಜಯಕಾರದ ಕೂಗು. ಟಾರ್ಚಿನ ಬೆಳಕಿಗೆ ಮುತ್ತುವ ಹುಳುಗಳನ್ನಾಗಲಿ, ಇಬ್ಬನಿಗೆ ದಾರಿಗೆ ಬಂದ ಶಂಬುಕವನ್ನಾಗಲಿ ಆ ಅವಸರದ ಪಾದ ನೋಡೀತೇ? ಮನೆಯಲ್ಲಿ ಸೂರ್ಯಾಸ್ತದ ನಂತರ ತುತ್ತು ಮುಟ್ಟದ ಶ್ರಾವಕಿಯು, ಹುಳು ಹುಪ್ಪಟೆ ಬೀಳಬಾರದೆಂದು ನೀರನ್ನು ಸೋಸಿ ಕುಡಿಯುವ ಶ್ರಾವಕನು, ಪುಣ್ಯಕ್ಷೇತ್ರದಲ್ಲಿ ಮಾತ್ರ ಕತ್ತಲಲ್ಲಿ ನಡೆಯುವುದು ಯಾವ ನ್ಯಾಯ? ಮುನಿಗಳು ರಾತ್ರಿಯಲ್ಲಿ ವಿಹಾರ ಮಾಡುವುದಿಲ್ಲ. ಮುನಿಗಳಿಗೆ ಸಲ್ಲದ ಕಾಲ ಗೃಹಸ್ಥನ ವಂದನೆಗೆ ಹೇಗೆ ಸಲ್ಲುತ್ತದೆ?

ಸೂರ್ಯೋದಯದ ನೋಟಕ್ಕಾಗಿ ಕತ್ತಲಲ್ಲಿ ಕಾಡು ಹೊಕ್ಕು ಶಿಖರವೇರುವ ಚಾರಣಿಗರನ್ನು ಧರ್ಮಾಭಿಮಾನಿಗಳು ಟೀಕಿಸುತ್ತಾರೆ. ಟೀಕೆ ಸರಿಯಾದುದೇ. ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಪುಷ್ಪಗಿರಿ ವನ್ಯಜೀವಿಧಾಮದಲ್ಲಿ 1,712 ಮೀಟರ್ ಎತ್ತರದ ಕುಮಾರಪರ್ವತವಿದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಸಾವಿರಾರು ಜನ ಒಮ್ಮೆಗೇ ಆ ಕಾಲುದಾರಿಗೆ ನುಗ್ಗಿದರು. ಅದರ ಬೆನ್ನಿಗೇ ರಾಜ್ಯದ ಅರಣ್ಯ ಸಚಿವರು ಆನ್‌ಲೈನ್ ನೋಂದಣಿಯಿಲ್ಲದ ಪಥಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಅದೇ ವರ್ಷ ನೋಂದಣಿ ವ್ಯವಸ್ಥೆ ಜಾರಿಗೆ ಬಂದು, ಒಂದು ಪಥದಲ್ಲಿ ದಿನಕ್ಕೆ 300 ಮಂದಿಗಿಂತ ಹೆಚ್ಚು ಬೇಡವೆಂಬ ಮಿತಿ ಏರ್ಪಟ್ಟಿತು. ಆ ಸಚಿವರು ಬಸವಕಲ್ಯಾಣ, ಹುಮನಾಬಾದ್‌ಗಳ ನೆರೆಯ ಭಾಲ್ಕಿಯವರೇ ಆದ ಈಶ್ವರ ಖಂಡ್ರೆ ಎಂಬುದು ಈ ಭಾಗದ ಓದುಗರಿಗೆ ಗೊತ್ತಿರುವ ಸಂಗತಿ. ದಿಗ್ವ್ರತವೆಂದರೆ ಏನೆಂದು ತಿಳಿಯದ ಸರ್ಕಾರಿ ಇಲಾಖೆಯೊಂದು ಬೆಟ್ಟ ಏರುವವರ ಸಂಖ್ಯೆಗೆ ಮಿತಿ ಹಾಕಿತು. ಹುಟ್ಟಿನಿಂದಲೇ ಪರಿಮಾಣವ್ರತದ ಹೆಸರು ಕೇಳಿದ ಸಮಾಜದ ಟ್ರಸ್ಟುಗಳು ತಮ್ಮ ಯಾತ್ರೆಗೆ ಯಾವ ಮಿತಿಯನ್ನು ಹಾಕಿಕೊಂಡಿವೆ?

ಕುಂದಾದ್ರಿಯ ಮಾತನ್ನು ಇಲ್ಲಿ ಹೇಳಲೇಬೇಕು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ಮಳೆಕಾಡಿನ ಅಂಚಿನಲ್ಲಿ ಎದ್ದು ನಿಂತ ಈ ಬಂಡೆಬೆಟ್ಟಕ್ಕೆ ಕುಂದಕುಂದಾಚಾರ್ಯರ ಹೆಸರು ಅಂಟಿಕೊಂಡಿದೆ. ಶಿಖರದಲ್ಲಿ ಪಾರ್ಶ್ವನಾಥ ಚೈತ್ಯಾಲಯ, ಬಂಡೆಯಲ್ಲಿಯೇ ಕೊಳ. ಈಗ ಮೇಲಿನವರೆಗೆ ವಾಹನದ ರಸ್ತೆಯಿದೆ. ರಸ್ತೆಯಾದುದರಿಂದ ಮುದುಕರಿಗೆ ದರ್ಶನ ಸುಲಭವಾಯಿತೆಂಬುದು ನಿಜ. ಅದೇ ರಸ್ತೆಯಲ್ಲಿ ಬೆಳಗಿನ ಜಾವ ಮೋಜಿನ ಗುಂಪುಗಳೂ ಬರತೊಡಗಿದವೆಂಬುದೂ ಅಷ್ಟೇ ನಿಜ. ಏರುವ ಶ್ರಮವು ತಾನಾಗಿಯೇ ಒಂದು ಜರಡಿ. ಶ್ರದ್ಧೆಯುಳ್ಳವನನ್ನು ಒಳಗೆ ಬಿಟ್ಟು ಕುತೂಹಲಿಯನ್ನು ಕೆಳಗೆ ನಿಲ್ಲಿಸುತ್ತಿತ್ತು. ಶ್ರಮವನ್ನು ತೆಗೆದುಹಾಕಿದ ಮೇಲೆ ಜರಡಿಯೂ ಹೋಯಿತು. ಅದೇ ಕುಂದಕುಂದರು ಪ್ರವಚನಸಾರದಲ್ಲಿ ಹಿಂಸೆಯ ನಿರ್ಣಯವನ್ನು ಜೀವಿ ಉಳಿಯಿತೋ ಅಳಿಯಿತೋ ಎಂಬುದರ ಮೇಲೆ ನಿಲ್ಲಿಸದೆ, ನಡೆಯುವವನ ಎಚ್ಚರದ ಮೇಲೆ ನಿಲ್ಲಿಸಿದ್ದಾರೆ. ಎಚ್ಚರವಿಲ್ಲದವನ ಕಾಲಿನ ಕೆಳಗೆ ದೈವವಶದಿಂದ ಇರುವೆಯೊಂದು ಬದುಕಿ ಉಳಿದರೂ ಅವನು ಹಿಂಸಕನೇ. ಆ ಆಚಾರ್ಯರ ಬೆಟ್ಟಕ್ಕೆ ಅವರ ಉಪದೇಶವೇ ಹತ್ತದಿದ್ದರೆ ವಾಹನ ಹತ್ತಿ ಫಲವೇನು?

ಪೂರ್ವಿಕರು ಬೆಟ್ಟವನ್ನು ಹೇಗೆ ಕಂಡಿದ್ದರೆಂಬುದನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನವೊಂದು ತಿಳಿಸುತ್ತದೆ. ಸುಮಾರು ಕ್ರಿ.ಶ. 600ರ ಈ ಸಂಸ್ಕೃತ ಶಾಸನವು ಸಂಘವು ದಕ್ಷಿಣಕ್ಕೆ ಬಂದುದನ್ನೂ, ಕಟವಪ್ರಗಿರಿಯಲ್ಲಿ 700 ಋಷಿಗಳು ಆರಾಧನೆಯಿಂದ ಸಿದ್ಧಿ ಪಡೆದುದನ್ನೂ ಹೇಳುವುದು ಪ್ರಸಿದ್ಧವಾಗಿದೆ. ಆದರೆ ಅದು ಬೆಟ್ಟದ ವರ್ಣನೆಗೂ ಬಹಳ ಅಕ್ಷರಗಳನ್ನು ಮೀಸಲಿಟ್ಟಿದೆ. ಹೂ ಉದುರಿ ಬಣ್ಣಬಣ್ಣವಾದ ನೆಲ, ಮಳೆಮೋಡದಂತಹ ಕಪ್ಪು ಬಂಡೆಗಳು, ಹಂದಿ, ಚಿರತೆ, ಹುಲಿ, ಕರಡಿ, ಹಾವು, ಜಿಂಕೆಗಳು ತುಂಬಿದ ಕಣಿವೆ, ಗುಹೆಗಳು ಅಲ್ಲಿ ಮೂಡಿವೆ. ಸಮಾಧಿಗೆ ಬಂದ ಋಷಿಗಳು ಹುಲಿ, ಕರಡಿಗಳನ್ನು ಓಡಿಸಿ ಬೆಟ್ಟವನ್ನು ತಮ್ಮದಾಗಿಸಿಕೊಂಡರೆಂದು ಶಾಸನ ಹೇಳುವುದಿಲ್ಲ. ಅವುಗಳ ನಡುವೆ ತಾವೂ ಒಂದು ಜೀವವಾಗಿ ಕುಳಿತು ದೇಹ ತೊರೆದರು. ಇಂದು ಆ ಬೆಟ್ಟದಲ್ಲಿ ಬಸದಿಗಳಿವೆ, ಶಾಸನಗಳಿವೆ. ಶಾಸನವು ಹೆಸರಿಸಿದ ಆ ಸಹವಾಸಿಗಳಿಲ್ಲ. ಶಿಖರಜಿಯಲ್ಲಿ ಅಷ್ಟಾದರೂ ಕಾಡು ಉಳಿದಿದೆ. ಅದೂ ಶಾಸನದಲ್ಲಿ ಮಾತ್ರ ಉಳಿಯುವ ಕಾಲವನ್ನು ತರುವವರು ಬರಿಯ ಪ್ರವಾಸಿಗರೇ ಆಗಿರಬೇಕೆಂದೇನೂ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಅಪರಿಚಿತವಲ್ಲ. ಮೊದಲನೆಯದು: ರಾತ್ರಿ ಹೊರಡದಿದ್ದರೆ 27 ಕಿಲೋಮೀಟರು ಮುಗಿಯುವುದೆಂತು, ವೃದ್ಧರೂ ಮಹಿಳೆಯರೂ ಏನು ಮಾಡಬೇಕು? ಒಂದೇ ದಿನದಲ್ಲಿ ಎಲ್ಲ ಟೋಂಕುಗಳನ್ನೂ ಮುಗಿಸಲೇಬೇಕೆಂದು ಯಾವ ಆಗಮವೂ ವಿಧಿಸಿಲ್ಲ. ಬೆಳಕು ಹರಿದ ಮೇಲೆ ಹೊರಟು, ಶಕ್ತಿಯಿದ್ದಷ್ಟು ವಂದಿಸಿ, ಬೆಳಕಿರುವಾಗಲೇ ಇಳಿಯಬಹುದು. ಉಳಿದುದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು. ಅದೂ ಆಗದವರು ತಪ್ಪಲಿನಲ್ಲಿ ಕುಳಿತು ಭಾವವಂದನೆ ಮಾಡಬಹುದು. ಮೂರು ದಿನದಲ್ಲಿ ಐದು ಕ್ಷೇತ್ರಗಳ ದರ್ಶನವೆಂದು ಕರಪತ್ರ ಹೊರಡಿಸುವುದರಿಂದಲೇ ರಾತ್ರಿ ಏರುವ ಅನಿವಾರ್ಯ ಹುಟ್ಟಿದೆ. ಇನ್ನು ಡೋಲಿಯ ವಿಷಯ. ಅಶಕ್ತರಿಗೆ ಡೋಲಿ ಬೇಕು, ಹೊರುವವರಿಗೆ ಅದು ಜೀವನೋಪಾಯವೂ ಹೌದು. ಆದರೆ ಕಾಲು ಗಟ್ಟಿಯಿರುವವನು ಶ್ರಮ ತಪ್ಪಿಸಿಕೊಳ್ಳಲು ಪರರ ಹೆಗಲೇರುವುದನ್ನು ಏನೆನ್ನಬೇಕು? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು ಎಂಬುದನ್ನು ಪಾಠಶಾಲೆಯ ಮಕ್ಕಳೂ ಕಂಠಪಾಠ ಒಪ್ಪಿಸುತ್ತಾರೆ.

ಎರಡನೆಯದು: ಯುವಕರು ಚಾರಣದಿಂದ ಪ್ರಕೃತಿಯನ್ನು ಪ್ರೀತಿಸಲು ಕಲಿಯುತ್ತಾರೆ, ಅವರನ್ನು ತಡೆಯುವುದು ಸಲ್ಲದು. ತಡೆಯಬೇಕೆಂದು ಯಾರೂ ಹೇಳುತ್ತಿಲ್ಲ. ಹೆಸರು ನೋಂದಾಯಿಸಿ, ಮಿತಿಯೊಳಗೆ, ಹಗಲಿನಲ್ಲಿ, ಹಾಕಿಕೊಟ್ಟ ದಾರಿಯನ್ನು ಬಿಡದೆ, ಸದ್ದಿಲ್ಲದೆ ನಡೆದು, ತಾನು ತಂದ ಕಸವನ್ನು ತಾನೇ ಹೊತ್ತು ಇಳಿಯುವ ಚಾರಣಿಗನು ತಿಳಿದೋ ತಿಳಿಯದೆಯೋ ಈರ್ಯಾಸಮಿತಿಯ ಸಮೀಪದಲ್ಲಿದ್ದಾನೆ. ಗದ್ದಲದ ಯಾತ್ರಾಸಂಘವು ಅವನಿಗಿಂತ ದೂರದಲ್ಲಿದೆ. ಈ ಮಾತು ಕಹಿಯಾದರೂ ನುಂಗಬೇಕಾದುದು. ಮೋಜಿನ ಚಾರಣವನ್ನು ಪವಿತ್ರ ಶಿಖರಗಳಿಂದ ದೂರವಿಡಬೇಕೆಂಬ ಬೇಡಿಕೆ ನ್ಯಾಯವಾದುದು. ಆದರೆ ಆ ಬೇಡಿಕೆಗೆ ಬಲ ಬರುವುದು ಬೇಡುವವನ ಸ್ವಂತ ನಡೆಯಿಂದ.

ಮೂರನೆಯದು: ಬೆಟ್ಟ ಜೈನರದು, ಜೈನರಿಗೆ ನಿಯಮ ಹೇಳಲು ಇತರರು ಯಾರು? ಈ ವಾದ ಅತ್ಯಂತ ಅಪಾಯಕರ. ಪಾರಸನಾಥವನ್ನು ಸಂತಾಲರು ಮಾರಾಂಗ್ ಬುರು, ಅಂದರೆ ಮಹಾಗಿರಿ, ಎಂದು ಆರಾಧಿಸುತ್ತಾರೆ. ತಮ್ಮ ಹಕ್ಕಿನ ಬಗ್ಗೆ 2023ರ ಜನವರಿಯಲ್ಲಿ ಅವರೂ ದನಿಯೆತ್ತಿದರು. ಕೇಂದ್ರದ ಆದೇಶವು ಮೇಲ್ವಿಚಾರಣಾ ಸಮಿತಿಗೆ ಜೈನ ಸಮಾಜದ ಇಬ್ಬರನ್ನೂ ಸ್ಥಳೀಯ ಬುಡಕಟ್ಟು ಸಮಾಜದ ಒಬ್ಬರನ್ನೂ ಕಾಯಂ ಆಹ್ವಾನಿತರಾಗಿ ಸೇರಿಸಿಕೊಳ್ಳುವಂತೆ ಹೇಳಿತು. ಅನೇಕಾಂತವನ್ನು ಜಗತ್ತಿಗೆ ಕೊಟ್ಟೆವೆಂದು ಹೆಮ್ಮೆಪಡುವ ಸಮಾಜವು, ಒಂದೇ ಶಿಖರವನ್ನು ಇಬ್ಬರು ಎರಡು ಹೆಸರುಗಳಿಂದ ನಮಸ್ಕರಿಸುವುದನ್ನು ಸಹಿಸಲಾರದೆ ಹೋದರೆ ಅನೇಕಾಂತವು ಭಾಷಣದ ವಸ್ತುವಾಗಿ ಉಳಿಯುತ್ತದೆ. ಅಪರಿಗ್ರಹವನ್ನು ಬೋಧಿಸಿದವರ ನಿರ್ವಾಣಭೂಮಿಯನ್ನೇ ಪರಿಗ್ರಹವಾಗಿಸಿಕೊಳ್ಳುವುದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿಲ್ಲ.

ಬಸವಕಲ್ಯಾಣದ ಜನರಿಗೆ ಈ ವಿಷಯದಲ್ಲಿ ಕಣ್ಣೆದುರೇ ಒಂದು ಪಾಠವಿದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನು ರಾಜಧಾನಿಯಾಗಿಸಿಕೊಂಡ ಕಲ್ಯಾಣ ಅದು. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಪ್ರಾಚೀನ ಜಿನಬಿಂಬಗಳಿವೆ. ಅಭಿಷೇಕವಿಲ್ಲದೆ, ಅಷ್ಟವಿಧಾರ್ಚನೆಯಿಲ್ಲದೆ ಅವು ನೋಡುಗರ ಎದುರು ನಿಂತಿವೆ. ಆಚಾರವು ಅಳಿದು ಆಕಾರವಷ್ಟೇ ಉಳಿದರೆ ಬಿಂಬವು ಪ್ರದರ್ಶನದ ವಸ್ತುವಾಗುತ್ತದೆ. ಬೆಟ್ಟಕ್ಕೂ ಅದೇ ಗತಿ. ವಂದನೆಯ ಶಿಸ್ತು ತಪ್ಪಿದ ದಿನ ಶಿಖರವು, ಯಾವ ಸರ್ಕಾರವೂ ಅಧಿಸೂಚನೆ ಹೊರಡಿಸದೆಯೇ, ಪ್ರವಾಸಿ ತಾಣವಾಗಿಬಿಡುತ್ತದೆ.

ಆದುದರಿಂದ ಈ ಸೀಮೆಯ ಬಸದಿಗಳ ಟ್ರಸ್ಟುಗಳು ಯಾತ್ರೆ ಹೊರಡಿಸುವ ಮುನ್ನ ಕೆಲವು ನಿಯಮಗಳನ್ನು ಠರಾವು ಮಾಡಿ ಬರೆದಿಡಬೇಕು. ಸೂರ್ಯೋದಯಕ್ಕೆ ಮೊದಲು ಯಾವ ಸಂಘವೂ ಬೆಟ್ಟ ಏರಕೂಡದು, ಸೂರ್ಯಾಸ್ತಕ್ಕೆ ಮೊದಲು ಎಲ್ಲರೂ ಇಳಿದಿರಬೇಕು. ಒಂದು ಸಂಘದಲ್ಲಿ ಇಂತಿಷ್ಟೇ ಜನರೆಂದು ಗೊತ್ತುಪಡಿಸಬೇಕು. ಏರುವಾಗ ಮೌನ ಅಥವಾ ಮನಸ್ಸಿನಲ್ಲಿ ಜಪ. ಧ್ವನಿವರ್ಧಕ, ಮೊಬೈಲಿನ ಹಾಡು ಬೇಡವೇ ಬೇಡ. ನೀರಿಗೆ ತಾಮ್ರದ ಅಥವಾ ಸ್ಟೀಲಿನ ಪಾತ್ರೆ, ಪ್ಲಾಸ್ಟಿಕ್ ವರ್ಜ್ಯ. ಡೋಲಿ ಅಶಕ್ತರಿಗೆ ಮಾತ್ರ, ಹೊರುವವರಿಗೆ ಚೌಕಾಸಿಯಿಲ್ಲದ ಕೂಲಿ. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಒಂದೆಡೆ ನಿಲ್ಲುವುದು ನೆಲದಲ್ಲಿ ಜೀವಸಂಚಾರ ಹೆಚ್ಚಿರುವುದರಿಂದ. ಆ ಚಾತುರ್ಮಾಸದಲ್ಲಿ ಗಿರಿಯಾತ್ರೆಯನ್ನು ಏರ್ಪಡಿಸಲೇಕೂಡದು. ದಾನಿಗಳು ಶಿಖರದ ಮೇಲೆ ಹೆಸರು ಕೆತ್ತಿಸಿದ ಕೊಠಡಿ ಕಟ್ಟಿಸುವ ಹಣವನ್ನು ದಾರಿಯ ಕಸ ತೆಗೆಯುವ ವ್ಯವಸ್ಥೆಗೆ, ತಪ್ಪಲಿನ ಹಳ್ಳಿಗಳ ಶಾಲೆಗೆ, ಆಸ್ಪತ್ರೆಗೆ ಕೊಡಲಿ. ಕಲ್ಲಿನ ಮೇಲಿನ ಹೆಸರಿಗಿಂತ ಅದು ಹೆಚ್ಚು ಕಾಲ ಬಾಳುತ್ತದೆ.

ಇವುಗಳಲ್ಲಿ ಯಾವುದೂ ಕಷ್ಟಸಾಧ್ಯವಲ್ಲ. ಇವಕ್ಕೆ ಸರ್ಕಾರದ ಅಪ್ಪಣೆ ಬೇಡ, ನ್ಯಾಯಾಲಯದ ತೀರ್ಪು ಬೇಡ, ಮೆರವಣಿಗೆಯೂ ಬೇಡ. ಕಾರ್ಯಕಾರಿ ಸಮಿತಿಯ ಒಂದು ಸಭೆ ಸಾಕು. ಸಮ್ಮೇದಗಿರಿಯ ರಕ್ಷಣೆಗಾಗಿ ಒಬ್ಬ ಮುನಿಗಳು ಪ್ರಾಣವನ್ನೇ ಕೊಟ್ಟರು. ಹೆಜ್ಜೆಯ ಕೆಳಗಿನ ಜೀವಕ್ಕಾಗಿ ಕುಂಥಲಗಿರಿಯಲ್ಲಿ ಆಚಾರ್ಯರೊಬ್ಬರು ಆಹಾರವನ್ನೇ ಬಿಟ್ಟರು. ಶ್ರಾವಕರಿಂದ ಅಷ್ಟು ದೊಡ್ಡದನ್ನು ಯಾರೂ ಕೇಳುತ್ತಿಲ್ಲ. ಬೆಳಕು ಹರಿಯುವವರೆಗೆ ಕಾಯಬೇಕು, ನೆಲ ನೋಡಿ ನಡೆಯಬೇಕು ಎಂದಷ್ಟೇ ಕೇಳಲಾಗುತ್ತಿದೆ. ಅಷ್ಟನ್ನೂ ಮಾಡಲಾರದವರು ಬೆಟ್ಟ ಏರದೆ ಮನೆಯಲ್ಲಿಯೇ ಕುಳಿತು ಸಿದ್ಧಪರಮೇಷ್ಠಿಗಳನ್ನು ಸ್ಮರಿಸುವುದು ಲೇಸು. ಅದರಿಂದ ಬೆಟ್ಟಕ್ಕೂ ಕ್ಷೇಮ, ಅವರಿಗೂ ಕ್ಷೇಮ.